ನಾಮಾವಕಾಶಕ್ಕೆ ಅನನ್ಯಸಂಖ್ಯೆ

ಹೆಸರು ಒಂದಾಗಿದ್ದರೂ ವ್ಯಕ್ತಿ ಬೇರೆಯಾಗಿರಬಹುದು. ಶಾಲೆಯ ಹಾಜರಿ ಪುಸ್ತಕದ ಕ್ರಮಸಂಖ್ಯೆ ವರ್ಷವರ್ಷಕ್ಕೂ ಬೇರೆ ಬೇರೆ ಮಕ್ಕಳದಾಗುತ್ತದೆ. ದಾಖಲಾತಿ ಸಂಖ್ಯೆಯಾದರೋ ಒಬ್ಬ ವಿದ್ಯಾರ್ಥಿಗೆ ಸಂದ ಮೇಲೆ ಮತ್ತೊಬ್ಬನಿಗೆ ಸಲ್ಲದು. ಗಣಕಯಂತ್ರದಲ್ಲಿಯೂ ಈ ಭೇದ ಮುಖ್ಯವಾದುದು.

ಗಣಕದ ಸಕಲ ಕಾರ್ಯಗಳನ್ನು ನಿಯಂತ್ರಿಸುವ ತಂತ್ರಾಂಶದ ಒಳತಿರುಳಿಗೆ 'ಕರ್ನೆಲ್' ಎಂದು ಹೆಸರು. ಲಿನಕ್ಸ್ ಎಂಬ ಕರ್ನೆಲ್ ಒಂದೇ ಯಂತ್ರವನ್ನು ಹಲವು ಮನೆಗಳಂತೆ ವಿಭಾಗಿಸಬಲ್ಲುದು. ಇಂತಹ ವಿಭಾಗವೇ 'ನೇಮ್‌ಸ್ಪೇಸ್', ಎಂದರೆ ನಾಮಾವಕಾಶ. ಒಂದು ಮನೆಯಲ್ಲಿ 1 ಎಂಬ ಸಂಖ್ಯೆಯುಳ್ಳ ಕಾರ್ಯವೇ ಬೇರೆ, ಮತ್ತೊಂದರಲ್ಲಿ ಅದೇ ಸಂಖ್ಯೆಯುಳ್ಳದ್ದೇ ಬೇರೆ. 2002ರಲ್ಲಿ ಕಡತಗಳ ವ್ಯವಸ್ಥೆಗೆ ಮೊದಲಾದ ಈ ಏರ್ಪಾಡು ಮುಂದೆ ಕಾರ್ಯಗಳು, ಜಾಲ, ಬಳಕೆದಾರರು ಇವುಗಳಿಗೂ ವಿಸ್ತರಿಸಿತು.

ಆದರೆ ಆ ಮನೆಗಳನ್ನೇ ಗುರುತಿಸುವುದೆಂತು? ಬಹುಕಾಲ 'ಐನೋಡ್' ಸಂಖ್ಯೆಯೇ ಗುರುತಾಗಿತ್ತು. ಒಂದು ನಾಮಾವಕಾಶ ಅಳಿದೊಡನೆ ಅದರ ಸಂಖ್ಯೆ ತೆರವಾಗಿ, ಹೊಸದಾಗಿ ಹುಟ್ಟಿದ್ದಕ್ಕೆ ಸಲ್ಲಬಹುದಾಗಿತ್ತು. ದಿನಚರಿಯ ದಾಖಲೆಯನ್ನು ಪರಿಶೀಲಿಸುವವರು ಅಳಿದುಹೋದದ್ದರ ಅಪರಾಧವನ್ನು ಉಳಿದಿರುವುದರ ಮೇಲೆ ಹೊರಿಸುವ ಅಪಾಯ ಇದರಲ್ಲಿತ್ತು.

2025ರ 6.18ನೆಯ ಆವೃತ್ತಿಯಿಂದ ಪ್ರತಿಯೊಂದು ನಾಮಾವಕಾಶಕ್ಕೂ 64 ಬಿಟ್‌ಗಳ ಅನನ್ಯಸಂಖ್ಯೆ ದೊರೆತಿದೆ. ಯಂತ್ರವನ್ನು ಪುನಃ ಆರಂಭಿಸುವ ತನಕ ಕೊಟ್ಟ ಸಂಖ್ಯೆಯನ್ನು ಮತ್ತೆ ಕೊಡುವುದಿಲ್ಲ. ಸೆಕೆಂಡಿಗೆ ಒಂದು ಕೋಟಿಯಂತೆ ವ್ಯಯಿಸಿದರೂ ಈ ಸಂಖ್ಯೆಗಳು 58,000 ವರ್ಷಗಳಿಗೂ ಮಿಕ್ಕಿ ಸಾಲುತ್ತವೆ.

ಮಾಡಿದವನ ಹೆಸರಿನಲ್ಲಿಯೇ ಮಾಡಿದ್ದು ನಿಲ್ಲಬೇಕೆಂಬುದು ನ್ಯಾಯದ ಮೊದಲ ಪಾಠ. ದಾಖಲಾತಿ ಪುಸ್ತಕವನ್ನು ಜೋಪಾನ ಮಾಡುವ ಗುಮಾಸ್ತರು ಬಲ್ಲ ಆ ಪಾಠವನ್ನು ಯಂತ್ರವೂ ಕಲಿಯಬೇಕಾಯಿತು.