ಬೇಸಗೆಯ ಕೊನೆಯಲ್ಲಿ ಚರ್ಚಿನ ಸಾಮುದಾಯಿಕ ಕಾಯಿಪಲ್ಯ ತೋಟದ ಆರೈಕೆ

ಕಾಯಿಪಲ್ಯದ ತೋಟವು ಫಲ ಕೊಡುವುದು ಮಳೆಗಾಲದಲ್ಲಾದರೂ ಅದರ ಅಳಿವು ಉಳಿವು ನಿಶ್ಚಯವಾಗುವುದು ಬೇಸಗೆಯ ಕೊನೆಯ ನಾಲ್ಕು ವಾರಗಳಲ್ಲಿ. ಒಬ್ಬ ಒಕ್ಕಲಿಗನ ಸ್ವಂತ ಹಿತ್ತಲಾದರೆ ಮನೆಯವರು ಹೇಗಾದರೂ ನಾಲ್ಕು ಕೊಡ ನೀರು ಹಾಕಿ ಕಾಪಾಡುವರು. ಹತ್ತು ಮನೆಗಳು ಕೂಡಿ ಮಾಡಿದ ತೋಟದಲ್ಲಿ, ನೀರು ಹಾಕುವ ಸರದಿಯು ಇಂಥವರದೆಂದು ಗೊತ್ತಾಗದಿದ್ದರೆ, ಎಲ್ಲರ ತೋಟವೂ ಯಾರ ತೋಟವೂ ಅಲ್ಲದೆ ಒಣಗಿಹೋಗುವುದು. ಆದುದರಿಂದ ಚರ್ಚಿನ ಆವರಣದಲ್ಲಾಗಲಿ, ಮಠದ ಹಿತ್ತಲಿನಲ್ಲಾಗಲಿ, ಶಾಲೆಯ ಅಂಗಳದಲ್ಲಾಗಲಿ ಇರುವ ಸಾಮುದಾಯಿಕ ತೋಟಗಳ ವಿಷಯದಲ್ಲಿ ಗ್ರಾಮದ ಮುಖಂಡರೂ ಹಿಡುವಳಿದಾರರೂ ಈ ಕಾಲದಲ್ಲಿ ವಿಶೇಷವಾಗಿ ಮನಸ್ಸು ಕೊಡುವುದು ಅವಶ್ಯವಾಗಿರುತ್ತದೆ.

ಕ್ರೈಸ್ತ ಸಭೆಗಳಿಗೂ ಬೇಸಾಯಕ್ಕೂ ಇರುವ ಸಂಬಂಧವು ನಮ್ಮ ದೇಶದಲ್ಲಿ ಹೊಸತಲ್ಲ. ಸ್ಯಾಮ್ ಹಿಗಿನ್‌ಬಾಟಮ್ ಎಂಬ ಮಿಶನರಿಯು 1910ರಲ್ಲಿ ಅಲಹಾಬಾದಿನಲ್ಲಿ ವ್ಯವಸಾಯ ವಿದ್ಯಾಶಾಲೆಯನ್ನು ಸ್ಥಾಪಿಸಿದನು. ಕಲಬುರಗಿ ಸೀಮೆಯಲ್ಲಿ ಮೆಥೊಡಿಸ್ಟ್ ಮತ್ತು ಕ್ಯಾಥೊಲಿಕ್ ಸಭೆಗಳೆರಡೂ ಇವೆ. ಚರ್ಚಿನ ತೋಟಕ್ಕೆ ಒಂದು ಅನುಕೂಲವುಂಟು: ಪಾಲುದಾರರೆಲ್ಲರೂ ಭಾನುವಾರ ಒಂದೆಡೆ ಸೇರುತ್ತಾರೆ. ಆ ದಿನವೇ ಮುಂದಿನ ವಾರದ ಸರದಿಯನ್ನು ಗೊತ್ತು ಮಾಡಬಹುದು.

ಎರೆ ಭೂಮಿಯ ಸ್ವಭಾವ

ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಯಡ್ರಾಮಿಯ ಸುತ್ತಲಿನ ಭೂಮಿಯು ಬಹುಮಟ್ಟಿಗೆ ಎರೆ. ಈ ಮಣ್ಣು ನೀರು ಕುಡಿದಾಗ ಉಬ್ಬಿ, ಆರಿದಾಗ ಕುಗ್ಗಿ ಬಿರಿಯುವುದೆಂಬುದು ರೈತರಿಗೆ ತಿಳಿದ ವಿಷಯವೇ. ಬಿರುಕುಗಳು ಬಿದ್ದಾಗ ಗಿಡದ ಬೇರು ಹರಿಯುವುದಲ್ಲದೆ ಕೆಳಗಿನ ತೇವವೂ ಆ ದಾರಿಯಿಂದಲೇ ಆರಿಹೋಗುತ್ತದೆ. ಜೋಳದ ಹೊಲದಲ್ಲಿ ಎಡೆ ಹೊಡೆದು ಬಿರುಕು ಮುಚ್ಚುವ ರೂಢಿಯನ್ನೇ ತೋಟದ ಮಡಿಗೂ ಅನ್ವಯಿಸಬೇಕು. ಎರಡು ಅಂಗುಲ ಆಳಕ್ಕಿಂತ ಹೆಚ್ಚಾಗದಂತೆ ಕುರ್ಪಿಯಿಂದ ಮೇಲ್ಮಣ್ಣನ್ನು ಸಡಿಲಿಸಿ, ಅದರ ಮೇಲೆ ಒಣಗಿದ ಎಲೆ, ಕಸಕಡ್ಡಿ, ದನಗಳು ತಿನ್ನದೆ ಬಿಟ್ಟ ರವದಿ ಇವುಗಳನ್ನು ಮೂರು ಅಂಗುಲ ದಪ್ಪ ಹೊದಿಸತಕ್ಕದ್ದು. ಹೊದಿಕೆಯು ಗಿಡದ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಅಂತರವಿರಲಿ.

ನೀರಿನ ಲೆಕ್ಕ ಮತ್ತು ಸರದಿ

ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರು. ಕಡುಬೇಸಗೆಯಲ್ಲಿ ದಿನಕ್ಕೆ 8 ಮಿಲಿಮೀಟರು ನೀರು ಆರುವುದೆಂದು ಹಿಡಿದರೆ, ತುಂಬ ಬೆಳೆದ ಒಂದು ಗುಂಟೆಗೆ ದಿನವೊಂದಕ್ಕೆ 800 ಲೀಟರು, ಅಂದರೆ 15 ಲೀಟರಿನ ಕೊಡದಿಂದ ಐವತ್ತಕ್ಕೆ ಮಿಕ್ಕಿ ಕೊಡಗಳು ಬೇಕಾಗುತ್ತವೆ. ಐದು ಗುಂಟೆಯ ತೋಟಕ್ಕೆ ಇಷ್ಟು ನೀರನ್ನು ಹೊತ್ತು ತರುವುದು ಅಸಾಧ್ಯ. ಎಲ್ಲವನ್ನೂ ಉಳಿಸಲು ಹೋಗಿ ಎಲ್ಲವನ್ನೂ ಅರ್ಧ ಬಾಯಾರಿಕೆಯಲ್ಲಿಡುವುದಕ್ಕಿಂತ, ತೋಟವನ್ನು ಬುದ್ಧಿಪೂರ್ವಕವಾಗಿ ಕುಗ್ಗಿಸುವುದೇ ಲೇಸು. ಫಲ ಮುಗಿದ ಮಡಿಗಳನ್ನು ತೆಗೆದುಬಿಟ್ಟು, ಒಂದು ಗುಂಟೆಯಷ್ಟು ಆಯ್ದ ಬದನೆ, ಮೆಣಸು, ನುಗ್ಗೆ, ಪುಂಡಿ ಇವುಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಹತ್ತು ಮನೆಗಳು ದಿನಕ್ಕೆ ಎರಡೆರಡು ಕೊಡ ತಂದರೆ 300 ಲೀಟರಾಯಿತು. ಬುಡಕ್ಕೆ ಮಾತ್ರ ಒಂದೂವರೆ ಲೀಟರಿನಂತೆ ಹಾಕಿದಲ್ಲಿ 200 ಗಿಡಗಳು ಜೀವ ಹಿಡಿಯುತ್ತವೆ. ನೀರನ್ನು ಸೂರ್ಯ ಮುಳುಗಿದ ಮೇಲೆ ಅಥವಾ ಬೆಳಕು ಹರಿಯುವ ಮುನ್ನ ಹಾಕತಕ್ಕದ್ದು.

ಬಳ್ಳಿಗಳಿಗೆ ಗಡಿಗೆ ನೀರಾವರಿ ಬಹು ಉಪಯುಕ್ತ. ಕುಂಬಾರನ ಹಸಿಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತಲೂ ಹೀರೆ ಅಥವಾ ಸೌತೆಯ ಬೀಜ ಊರಿದರೆ, ನೀರು ಸೂಕ್ಷ್ಮವಾಗಿ ಜಿನುಗಿ ಬೇರಿಗೆ ಸೇರುವುದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಚೀನ ದೇಶದ ಬೇಸಾಯ ಗ್ರಂಥವೊಂದರಲ್ಲಿಯೂ ಈ ಕ್ರಮದ ವರ್ಣನೆಯಿದೆ.

ಪಾಲುದಾರರಲ್ಲಿ ಅನೇಕರು ಸ್ವಂತ ಭೂಮಿಯಿಲ್ಲದ ಕೂಲಿಕಾರರು. ಬೇಸಗೆಯಲ್ಲಿ ಈ ಸೀಮೆಯ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಕೂಲಿಗೆ ಹೋಗುವುದುಂಟು. ದುಡಿಯುವ ಕೈಗಳು ಊರಿನಲ್ಲಿಲ್ಲದ ಸಮಯವೇ ತೋಟಕ್ಕೆ ನೀರು ಅತ್ಯವಶ್ಯವಾದ ಸಮಯ. ಆದುದರಿಂದ ವೃದ್ಧರೂ ಹೆಂಗಸರೂ ಮಾತ್ರ ಉಳಿದ ಮನೆಗಳ ಸರದಿಯನ್ನು ಹಗುರ ಮಾಡಬೇಕು. ಊರಿಗೆ ಹೋದವರು ಮಿರಗದ ಕಾಲಕ್ಕೆ ಹಿಂದಿರುಗಿದಾಗ ಅಗೆತ, ಕಾಲುವೆ ತೋಡುವಿಕೆ ಮೊದಲಾದ ಭಾರವಾದ ಕೆಲಸವನ್ನು ಮಾಡಿ ತಮ್ಮ ಪಾಲು ತೀರಿಸಲಿ. ಸಮೀಪದ ಹಿಡುವಳಿದಾರರು ವಾರದಲ್ಲಿ ಎರಡು ದಿನ ತಮ್ಮ ಬಾವಿಯ ನೀರನ್ನು ಒಂದು ಗಂಟೆ ಹರಿಯಬಿಟ್ಟರೆ ತೋಟ ಉಳಿಯುವುದು. ಬಾವಿಯಿಂದ ನೀರು ಸೇದುವಲ್ಲಿ ಕೇರಿ ಕೇರಿಗಳ ಭೇದವೆಣಿಸದಂತೆ ನೋಡಿಕೊಳ್ಳುವುದು ಮುಖಂಡರ ಕರ್ತವ್ಯ. ಒಬ್ಬರನ್ನು ತಡೆದಲ್ಲಿ ಸರದಿ ಮುರಿಯುವುದು, ಸರದಿ ಮುರಿದಲ್ಲಿ ತೋಟ ಒಣಗುವುದು.

ರೋಗಿಷ್ಠ ಗಿಡಗಳನ್ನು ತೆಗೆಯುವುದು

ಹಳದಿ ನಂಜು ತಗುಲಿದ ಬೆಂಡೆ, ಎಲೆ ಮುರುಟಿದ ಮೆಣಸು, ಕಾಯಿಕೊರಕ ಹಿಡಿದ ಮುದಿ ಬದನೆ ಇವುಗಳನ್ನು ಕನಿಕರಪಟ್ಟು ಉಳಿಸಬಾರದು. ಬೆಂಡೆಯ ಹಳದಿ ನಂಜನ್ನೂ ಮೆಣಸಿನ ಎಲೆಮುರುಟನ್ನೂ ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿನೊಣ. ಅದಲ್ಲದೆ ಹತ್ತಿಯೂ ಬೆಂಡೆಯೂ ಒಂದೇ ಕುಟುಂಬದ ಗಿಡಗಳಾದುದರಿಂದ, ಬೇಸಗೆಯಲ್ಲಿ ನಿಂತ ಹಳೆಯ ಬೆಂಡೆಯು ಹತ್ತಿಯ ಕೀಟಗಳಿಗೆ ತಂಗುದಾಣವಾಗುವುದು. ಚರ್ಚಿನ ಬೇಲಿಯೊಳಗಿನ ನಾಲ್ಕು ಗಿಡಗಳಿಂದ ಪಕ್ಕದ ಹಿಡುವಳಿದಾರರ ಹತ್ತಿಗೂ ಕೇಡುಂಟು. ಆದಕಾರಣ ಇವನ್ನು ಬೇರುಸಹಿತ ಕಿತ್ತು ಸುಡತಕ್ಕದ್ದು. ಗೊಬ್ಬರದ ಗುಂಡಿಗೆ ಹಾಕಬಾರದು.

ಕೀಳುವ ಮುನ್ನ ನಿರೋಗಿಯಾದ ನಾಟಿ ತಳಿಯ ಗಿಡಗಳಲ್ಲಿ ಎರಡು ಮೂರು ಕಾಯಿಗಳನ್ನು ಪೂರ್ಣ ಬಲಿಯಲು ಬಿಟ್ಟು ಬೀಜ ತೆಗೆಯಬೇಕು. ಬದನೆಯು ಹಳದಿಯಾದ ಮೇಲೆ, ಚವಳಿಯು ಬಳ್ಳಿಯಲ್ಲೇ ಒಣಗಿದ ಮೇಲೆ ಕೊಯ್ಯುವುದು. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಬೂದಿಯಲ್ಲಿ ಬೆರೆಸಿ, ಮಡಕೆಯಲ್ಲಿ ಭದ್ರವಾಗಿಡಲಿ. ಸಂಕರ ತಳಿಯ ಬೀಜವನ್ನು ಕಟ್ಟಿಡುವುದು ಪ್ರಯೋಜನವಿಲ್ಲ.

ಸಸಿಮಡಿ

ಮೆಣಸಿನ ಸಸಿಗೆ 40 ರಿಂದ 45 ದಿನ, ಬದನೆಗೆ 30 ರಿಂದ 35 ದಿನ, ಟೊಮ್ಯಾಟೊಗೆ 25 ದಿನ ಬೇಕು. ಮೃಗಶಿರ ಮಳೆಯು ಜೂನ್ 8ರ ಸುಮಾರಿಗೆ ಹೂಡುವುದು. ನಾಟಿಯು ಜೂನ್ ತಿಂಗಳ ಕೊನೆಯಲ್ಲಾಗುವುದು. ಹೀಗಾಗಿ ಮೆಣಸನ್ನು ಮೇ ತಿಂಗಳ ನಡುವೆ, ಬದನೆಯನ್ನು 25ರ ಸುಮಾರಿಗೆ, ಟೊಮ್ಯಾಟೊವನ್ನು ತಿಂಗಳ ಕೊನೆಗೆ ಚೆಲ್ಲಬೇಕು. ಒಂದು ಗುಂಟೆ ಬದನೆಗೆ 4 ಗ್ರಾಮು ಬೀಜ ಸಾಕು. 75 ಸೆಂಟಿಮೀಟರು ಸಾಲಿನಲ್ಲಿ 60 ಸೆಂಟಿಮೀಟರಿಗೊಂದರಂತೆ ಸುಮಾರು 225 ಗಿಡಗಳು ಹಿಡಿಯುತ್ತವೆ. ಮಡಿಯು ಒಂದು ಮೀಟರು ಅಗಲ, ಅರ್ಧ ಅಡಿ ಎತ್ತರವಿರಲಿ. ತೊಗರಿ ಕಟ್ಟಿಗೆಯ ತಟ್ಟಿಯಿಂದ ನೆರಳು ಮಾಡಿ, ನಾಟಿಗೆ ಒಂದು ವಾರ ಮುಂಚೆ ನೆರಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಸಸಿಯನ್ನು ಬಿಸಿಲಿಗೆ ಒಗ್ಗಿಸಬೇಕು.

ಮಳೆಗೆ ಮುಂಚಿನ ಸಿದ್ಧತೆ

ಎರೆ ಭೂಮಿಯು ಮಳೆ ಬಿದ್ದ ಮೇಲೆ ಕಾಲಿಡಗೊಡದು. ಮಡಿಯ ಕೆಲಸವೆಲ್ಲವೂ ರೋಹಿಣಿ ಮಳೆಯೊಳಗೆ ಮುಗಿದಿರಬೇಕು. ಗುಂಟೆಗೆ 250 ಕಿಲೋ ಪೂರ್ಣ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಎರಡೂವರೆ ಕಿಲೋ ಬೇವಿನ ಹಿಂಡಿಯನ್ನೂ ಮಣ್ಣಿನಲ್ಲಿ ಬೆರೆಸುವುದು. ಹಸಿ ಸಗಣಿಯು ಗೆದ್ದಲಿಗೂ ಗೊಣ್ಣೆ ಹುಳುವಿಗೂ ಆಹಾರವಾಗುವುದರಿಂದ ಅದನ್ನು ಹಾಕಲೇಬಾರದು. ದನಕರುಗಳಿರುವ ಹಿಡುವಳಿದಾರರು ಒಂದು ಗಾಡಿ ಗೊಬ್ಬರ ಕೊಟ್ಟರೆ ಅದೇ ದೊಡ್ಡ ಸಹಾಯ. ಮಡಿಗಳನ್ನು ಅರ್ಧ ಅಡಿ ಎತ್ತರಿಸಿ, ನಡುವೆ ನೀರು ಬಸಿದುಹೋಗಲು ಇಳಿಜಾರಿಗೆ ತಕ್ಕ ಕಾಲುವೆ ತೋಡಬೇಕು. ನಿಂತ ನೀರಿನಲ್ಲಿ ಎರಡೇ ದಿನಕ್ಕೆ ಬೇರು ಕೊಳೆಯುವುದು.

ಚರ್ಚಿನ ಚಾವಣಿಯನ್ನೂ ಮರೆಯಬಾರದು. 100 ಚದರ ಮೀಟರು ಚಾವಣಿಯ ಮೇಲೆ 25 ಮಿಲಿಮೀಟರು ಮಳೆಯಾದರೆ 2500 ಲೀಟರು ನೀರು ಬೀಳುವುದು. ಐದನೆಯ ಒಂದಂಶ ಪೋಲಾದರೂ 2000 ಲೀಟರು ದಕ್ಕುವುದು. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಅನಂತರದ್ದನ್ನು ತೊಟ್ಟಿಯಲ್ಲಿ ತುಂಬಿಕೊಂಡರೆ ಮಳೆ ಎಡೆಬಿಟ್ಟ ದಿನಗಳಲ್ಲಿ ಎಳೆ ಸಸಿಗಳಿಗೆ ಆಧಾರವಾಗುವುದು.

ಕಡೆಯದಾಗಿ, ನೀರಿನ ಸರದಿ, ಗೊಬ್ಬರದ ಕೊಡುಗೆ, ಕೊಯ್ಲಿನ ಹಂಚಿಕೆ ಈ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಪ್ರತಿ ಭಾನುವಾರ ಅದನ್ನು ಎಲ್ಲರ ಮುಂದೆ ಓದಿ ಹೇಳಲಿ. ಬೇಸಗೆಯಲ್ಲಿ ಎರಡು ಕೊಡ ಹೊತ್ತ ಮನೆಗೆ ಶ್ರಾವಣದಲ್ಲಿ ಬುಟ್ಟಿ ಪಲ್ಯವು ತಪ್ಪದೆ ಸೇರುವುದೆಂಬ ನಂಬಿಕೆ ಹುಟ್ಟಿದರೆ, ಮರುವರ್ಷದ ಸರದಿಗೆ ಯಾರನ್ನೂ ಕರೆಯಬೇಕಾಗುವುದಿಲ್ಲ.