ದಾಳಿಂಬೆ ಕಡ್ಡಿಗಳಿಂದ ಸಸಿ ತಯಾರಿಕೆ: ಬೇರು ಪ್ರಚೋದಕದ ಸರಿಯಾದ ಬಳಕೆ

(ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸಸ್ಯಕ್ಷೇತ್ರ ನಿರ್ವಾಹಕರು, ಸ್ವಸಹಾಯ ಸಂಘಗಳ ಸದಸ್ಯರು ಮತ್ತು ರೈತರ ಅಧ್ಯಯನಕ್ಕಾಗಿ)

ದಾಳಿಂಬೆಯು ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗ ಮೊದಲಾದ ಒಣಪ್ರದೇಶದ ಜಿಲ್ಲೆಗಳ ಪ್ರಮುಖ ಹಣ್ಣಿನ ಬೆಳೆ. ಬೀಜದಿಂದ ಬೆಳೆದ ಗಿಡವು ತಾಯಿ ಗಿಡದ ಗುಣಗಳನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಆದುದರಿಂದ ಭಗವಾ ಮುಂತಾದ ತಳಿಗಳನ್ನು ಗೂಟಿ ಅಥವಾ ಕಾಂಡದ ಕಡ್ಡಿಗಳ ಮೂಲಕ ವೃದ್ಧಿಪಡಿಸಲಾಗುತ್ತದೆ. ಕಡ್ಡಿ ವಿಧಾನದಲ್ಲಿ ಒಂದೇ ಗಿಡದಿಂದ ಹೆಚ್ಚು ಸಸಿಗಳು ದೊರೆಯುತ್ತವೆ. ಆದರೆ ತಾಯಿ ಗಿಡದಲ್ಲಿ ರೋಗವಿದ್ದರೆ ಅದೂ ಅಷ್ಟೇ ಸಸಿಗಳಿಗೆ ಹರಡುತ್ತದೆ.

1. ತಾಯಿ ಗಿಡದ ಆಯ್ಕೆ
ಬೇರು ಪ್ರಚೋದಕವು ಬೇರು ಬರಿಸುತ್ತದೆಯೇ ಹೊರತು ರೋಗವನ್ನು ಗುಣಪಡಿಸುವುದಿಲ್ಲ. ದುಂಡಾಣು ಅಂಗಮಾರಿ ರೋಗವು ಕಡ್ಡಿಯೊಡನೆ ಹೊಸ ತೋಟಕ್ಕೆ ಸಾಗುತ್ತದೆ. ಎಲೆಯ ಮೇಲೆ ನೀರಿನಲ್ಲಿ ನೆನೆದಂತಹ ಚುಕ್ಕೆ, ಗೆಣ್ಣಿನ ಬಳಿ ಕಪ್ಪು ಗಾಯ, ಕಾಯಿಯ ಮೇಲೆ ಕಪ್ಪು ಕಲೆ ಮತ್ತು ಬಿರುಕು ಇದರ ಲಕ್ಷಣಗಳು. ಇಂತಹ ಗಿಡಗಳಿರುವ ತೋಟದಿಂದ ಕಡ್ಡಿ ತೆಗೆಯಬಾರದು. ಚಾಟನಿಯ ನಂತರ ಬಿದ್ದಿರುವ ಕಡ್ಡಿಗಳನ್ನು ತೋಟದ ಆರೋಗ್ಯ ತಿಳಿಯದೆ ಬಳಸುವುದು ಅಪಾಯಕರ. 15×10 ಅಡಿ ಅಂತರದಲ್ಲಿ ಎಕರೆಗೆ ಸುಮಾರು 290 ಸಸಿಗಳು ಬೇಕು. ಸಸಿಗಳಲ್ಲಿ ಅಡಗಿದ ರೋಗವು ರೈತನ ಸಾಲ ಮತ್ತು ಶ್ರಮವೆಲ್ಲ ವ್ಯಯವಾದ ನಂತರ, ಫಸಲಿನ ಕಾಲದಲ್ಲಿ ಪ್ರಕಟವಾಗಬಹುದು.

2. ಕಡ್ಡಿಯ ತಯಾರಿ
ಸುಮಾರು ಒಂದು ವರ್ಷದ, ಪೆನ್ಸಿಲ್ ದಪ್ಪದ, ಬಲಿತ ರೆಂಬೆಯನ್ನು ಆರಿಸಿ 20ರಿಂದ 25 ಸೆಂ.ಮೀ. ಉದ್ದಕ್ಕೆ ಕತ್ತರಿಸಬೇಕು. ಪ್ರತಿ ಕಡ್ಡಿಯಲ್ಲಿ 4–5 ಕಣ್ಣುಗಳಿರಬೇಕು. ಬುಡವನ್ನು ಗೆಣ್ಣಿನ ಕೆಳಗೆ ನೇರವಾಗಿಯೂ ತುದಿಯನ್ನು ಓರೆಯಾಗಿಯೂ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ತಪ್ಪು ತಪ್ಪುತ್ತದೆ. ಒಂದು ಗಿಡದಿಂದ ಮತ್ತೊಂದಕ್ಕೆ ಹೋಗುವಾಗ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು.

3. ಪ್ರಚೋದಕದ ಕಾರ್ಯ ಮತ್ತು ದ್ರಾವಣ
ಸಸ್ಯದ ಚಿಗುರುಗಳಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ಪ್ರಚೋದಕವು ಕೆಳಮುಖವಾಗಿ ಹರಿದು ಕಡ್ಡಿಯ ಬುಡದಲ್ಲಿ ಶೇಖರಗೊಂಡು, ಅಲ್ಲಿನ ಜೀವಕೋಶಗಳಿಂದ ಬೇರಿನ ಮೊಳಕೆಗಳನ್ನು ಮೂಡಿಸುತ್ತದೆ. ಇಂಡೋಲ್ ಬ್ಯುಟರಿಕ್ ಆಮ್ಲ (ಐಬಿಎ) ಇದೇ ಕಾರ್ಯಕ್ಕೆ ಹೊರಗಿನಿಂದ ಒದಗಿಸುವ ಪೂರಕ. ನುಗ್ಗೆ, ಗ್ಲಿರಿಸಿಡಿಯಾಗಳಿಗೆ ಇದರ ಅವಶ್ಯಕತೆಯಿಲ್ಲ. ದಾಳಿಂಬೆಯಲ್ಲಿ ಬೇರಿನ ಸಂಖ್ಯೆ ಹೆಚ್ಚಿಸಲು ಇದು ನೆರವಾಗುತ್ತದೆ.

2500 ಪಿಪಿಎಂ ದ್ರಾವಣವೆಂದರೆ ಲೀಟರಿಗೆ 2.5 ಗ್ರಾಂ. ಅಂದರೆ 100 ಮಿ.ಲೀ. ದ್ರಾವಣಕ್ಕೆ 250 ಮಿಲಿಗ್ರಾಂ ಐಬಿಎ ಸಾಕು. ಐಬಿಎ ನೀರಿನಲ್ಲಿ ಸುಲಭವಾಗಿ ಕರಗದು; ಮೊದಲು 50 ಮಿ.ಲೀ. ಆಲ್ಕೋಹಾಲ್‌ನಲ್ಲಿ ಕರಗಿಸಿ, ನಂತರ ಶುದ್ಧ ನೀರು ಸೇರಿಸಿ 100 ಮಿ.ಲೀ. ಮಾಡಬೇಕು. ಕಡ್ಡಿಯ ಬುಡದ 2–3 ಸೆಂ.ಮೀ. ಭಾಗವನ್ನು ಕೆಲವೇ ಸೆಕೆಂಡುಗಳ ಕಾಲ ಅದ್ದಿ, ಗಾಳಿಗೆ ಆರಿಸಿ ನೆಡಬೇಕು. ಪ್ರಮಾಣ ಮೀರಿದರೆ ಬುಡ ಕಪ್ಪಾಗಿ ಕೊಳೆಯುತ್ತದೆ.

4. ನೆಡುವಿಕೆ ಮತ್ತು ಆರೈಕೆ
ನೀರು ಬಸಿಯುವ ಮಿಶ್ರಣವನ್ನು ಪಾಲಿಥೀನ್ ಚೀಲಗಳಿಗೆ ತುಂಬಬೇಕು. ಹಳೆಯ ದಾಳಿಂಬೆ ತೋಟದ ಮಣ್ಣಿನಲ್ಲಿ ಸೊರಗು ರೋಗದ ಶಿಲೀಂಧ್ರ ಮತ್ತು ಜಂತುಹುಳುಗಳಿರಬಹುದಾದ್ದರಿಂದ ಅದನ್ನು ಬಳಸಬಾರದು. ಚೀಲಗಳನ್ನು ನೆರಳು ಪರದೆಯಡಿ ಇರಿಸಿ, ತೇವ ಕಾಪಾಡಬೇಕು, ನೀರು ನಿಲ್ಲಬಾರದು.

ಎರಡು ಮೂರು ವಾರಗಳಲ್ಲಿ ಚಿಗುರು ಕಂಡರೂ ಅದು ಬೇರು ಬಂದ ಸೂಚನೆಯಲ್ಲ. ಕಡ್ಡಿಯಲ್ಲಿ ಸಂಗ್ರಹವಾಗಿರುವ ಆಹಾರದಿಂದಲೇ ಚಿಗುರು ಮೂಡಬಲ್ಲದು. ಕಡ್ಡಿಯನ್ನು ಎಳೆದು ಪರೀಕ್ಷಿಸಿದರೆ ಎಳೆಯ ಬೇರು ಮುರಿಯುತ್ತದೆ. ಸಾಮಾನ್ಯವಾಗಿ 30ರಿಂದ 45 ದಿನಗಳಲ್ಲಿ ಬೇರೂರುತ್ತದೆ. ಆನಂತರ ಸಸಿಗಳನ್ನು ಹಂತಹಂತವಾಗಿ ಬಿಸಿಲಿಗೆ ಒಗ್ಗಿಸಬೇಕು.

5. ದಾಖಲೆ
ಪ್ರತಿ ತಂಡಕ್ಕೆ ತಾಯಿ ತೋಟ, ಕಡ್ಡಿ ತೆಗೆದ ದಿನಾಂಕ ಮತ್ತು ದ್ರಾವಣದ ಪ್ರಮಾಣವನ್ನು ನಮೂದಿಸಬೇಕು. ಮುಂದೆ ರೋಗ ಕಂಡುಬಂದಲ್ಲಿ ಅದರ ಮೂಲವನ್ನು ಪತ್ತೆಹಚ್ಚಲು ಮತ್ತು ಅದೇ ತಂಡದ ಉಳಿದ ಸಸಿಗಳ ವಿತರಣೆಯನ್ನು ತಡೆಯಲು ಈ ದಾಖಲೆಯೇ ಆಧಾರ.

ಅಭ್ಯಾಸ ಪ್ರಶ್ನೆಗಳು
1. ಚಿಗುರಿದ ಕಡ್ಡಿಗೆ ಬೇರು ಬಂದಿದೆಯೆಂದು ಏಕೆ ಹೇಳಲಾಗದು?
2. 400 ಮಿ.ಲೀ. ದ್ರಾವಣ ತಯಾರಿಸಲು ಎಷ್ಟು ಮಿಲಿಗ್ರಾಂ ಐಬಿಎ ಬೇಕು?
3. ತಾಯಿ ಗಿಡದಲ್ಲಿ ಪರಿಶೀಲಿಸಬೇಕಾದ ರೋಗಲಕ್ಷಣಗಳಾವುವು?