ಮಳೆಗಾಲದ ತರಕಾರಿ ಕೊಯ್ಲು: ಕೂಲಿಕಾರರ ಸುರಕ್ಷತೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

ಮೈಸೂರು ನಗರಕ್ಕೆ ತರಕಾರಿ ಪೂರೈಸುವ ಗ್ರಾಮಗಳಲ್ಲಿ ಇಲವಾಲ, ಜಯಪುರ, ವರುಣ ಹೋಬಳಿಗಳ ಗ್ರಾಮಗಳೂ ಸೇರಿವೆ. ಟೊಮೆಟೊ, ಬೀನ್ಸ್, ಬದನೆ, ಸೊಪ್ಪುಗಳನ್ನು ಬಿಡಿಸುವವರಲ್ಲಿ ದಿನಗೂಲಿಯ ಮಹಿಳೆಯರೇ ಹೆಚ್ಚು. ಈ ಪಾಠವು ಅವರ ಮಳೆಗಾಲದ ದುಡಿಮೆಗೆ ಸಂಬಂಧಿಸಿದೆ.

1. ಅಪಾಯದ ವೇಳೆ

ಮೈಸೂರು ಸೀಮೆಗೆ ಮೇ ತಿಂಗಳಿನಲ್ಲಿಯೂ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿಯೂ ಹೆಚ್ಚು ಮಳೆಯಾಗುತ್ತದೆ. ಮೇ ಮತ್ತು ಅಕ್ಟೋಬರ್ ಮಳೆ ಬಹುತೇಕ ಗುಡುಗು ಸಿಡಿಲಿನೊಡನೆ ಮಧ್ಯಾಹ್ನದ ನಂತರ ಬರುತ್ತದೆ. ಬೆಳಗಿನ ಜಾವ ಬಂಡಿಪಾಳ್ಯದ ಮಾರುಕಟ್ಟೆಗೆ ಮಾಲು ತಲುಪಬೇಕಾದರೆ ಹಿಂದಿನ ದಿನ ಸಂಜೆಯೊಳಗೆ ಕೊಯ್ಲು ಮುಗಿಯಬೇಕು. ಹೀಗೆ ಕೆಲಸದ ಅವಸರದ ವೇಳೆಯೂ ಸಿಡಿಲಿನ ವೇಳೆಯೂ ಒಂದೇ ಆಗುತ್ತದೆ. ಕೆಲಸ ನಿಲ್ಲಿಸಿದರೆ ಅರ್ಧ ದಿನದ ಕೂಲಿ ಕಡಿತವಾಗುವುದೆಂಬ ಭಯವಿದ್ದಲ್ಲಿ ಗುಡುಗು ಕೇಳಿದರೂ ಯಾರೂ ಸಾಲು ಬಿಟ್ಟು ಏಳುವುದಿಲ್ಲ. ಆದುದರಿಂದ ಸುರಕ್ಷತೆಯ ಪ್ರಶ್ನೆಯು ಕೂಲಿಯ ಪ್ರಶ್ನೆಯೂ ಆಗಿದೆ.

2. ಸಿಡಿಲು

ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಕೂಡಲೇ ಕೆಲಸ ನಿಲ್ಲಿಸಿ ಪಕ್ಕಾ ಕಟ್ಟಡ ಅಥವಾ ಮುಚ್ಚಿದ ವಾಹನವನ್ನು ಸೇರತಕ್ಕದ್ದು. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಹೊಲಕ್ಕೆ ಮರಳಬಾರದು. ಒಂಟಿ ಮರದ ಅಡಿ, ತಂತಿ ಬೇಲಿಯ ಬಳಿ, ಗೋಡೆಯಿಲ್ಲದ ತಗಡಿನ ಚಪ್ಪರದಲ್ಲಿ ನಿಲ್ಲುವುದು ಅಪಾಯಕರ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಮುನ್ಸೂಚನೆಗೆ ಉಪಯುಕ್ತ.

3. ಹಾವು, ಕೆಸರು, ವಿದ್ಯುತ್

ಮಳೆಯಲ್ಲಿ ಬಿಲಗಳಿಗೆ ನೀರು ನುಗ್ಗಿದಾಗ ಹಾವುಗಳು ಬದುಗಳಿಗೂ ಬಳ್ಳಿಗಳ ಬುಡಕ್ಕೂ ಬರುತ್ತವೆ. ಕೈ ಹಾಕುವ ಮೊದಲು ಕೋಲಿನಿಂದ ಗಿಡವನ್ನು ಅಲುಗಿಸುವುದು ಒಳ್ಳೆಯದು. ಹಾವು ಕಚ್ಚಿದಲ್ಲಿ ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು, ನಾಟಿ ಮದ್ದಿಗಾಗಿ ಕಾಯುವುದು ಸಲ್ಲದು. ಬಳೆ, ಉಂಗುರ ತೆಗೆದು, ಕಚ್ಚಿದ ಅಂಗವನ್ನು ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು. ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನು ಆರೋಗ್ಯ ಇಲಾಖೆಗೆ ವರದಿ ಮಾಡುವುದು ಕಡ್ಡಾಯವಾಗಿದೆ.

ನಿಂತ ನೀರಿನಲ್ಲಿ ಇಲಿಯ ಮೂತ್ರ ಬೆರೆತಿದ್ದರೆ ಕಾಲಿನ ಗಾಯದ ಮೂಲಕ ಇಲಿಜ್ವರ ತಗಲಬಹುದು. ಗಾಯವಿದ್ದವರು ಗಂಬೂಟು ಧರಿಸಬೇಕು. ಜ್ವರ, ಮೈಕೈ ನೋವು ಕಂಡರೆ ಕೆಸರಿನಲ್ಲಿ ದುಡಿದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಒದ್ದೆ ಕೈಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಬಾರದು. ತಂತಿ ಹರಿದು ಬಿದ್ದಿದ್ದರೆ ಸಮೀಪಿಸದೆ 1912ಕ್ಕೆ ತಿಳಿಸತಕ್ಕದ್ದು.

4. ಬೆಳೆಯ ದೃಷ್ಟಿಯಿಂದಲೂ ಕಾಯುವುದೇ ಲಾಭ

ನೆನೆದ ಟೊಮೆಟೊ, ಸೊಪ್ಪುಗಳನ್ನು ಒತ್ತಾಗಿ ತುಂಬಿದರೆ ಬೇಗ ಕೊಳೆಯುತ್ತವೆ. ಒದ್ದೆ ಬೀನ್ಸ್ ಸಾಲುಗಳಲ್ಲಿ ಓಡಾಡಿದರೆ ಕೈ, ಬಟ್ಟೆಗಳ ಮೂಲಕ ಎಲೆ ಮತ್ತು ಕಾಯಿಯ ರೋಗ ಗಿಡದಿಂದ ಗಿಡಕ್ಕೆ ಹರಡುತ್ತದೆ. ನೀರು ಆರಿದ ಮೇಲೆ ಬಿಡಿಸಿ, ನೆರಳಿನಲ್ಲಿ ಹರಡಿ, ಗಾಳಿಯಾಡುವ ಕ್ರೇಟುಗಳಲ್ಲಿ ತುಂಬುವುದು ಯೋಗ್ಯ. ಮಳೆಯ ಮುನ್ಸೂಚನೆಯಿದ್ದ ದಿನ ಕೊಯ್ಲನ್ನು ಮಧ್ಯಾಹ್ನದೊಳಗೆ ಮುಗಿಸಿದರೆ ಮಾಲೂ ಜನರೂ ಸುರಕ್ಷಿತ.

5. ಪಂಚಾಯಿತಿಯು ಕೈಗೊಳ್ಳಬಹುದಾದ ಕ್ರಮಗಳು

(ಅ) 'ಸಿಡಿಲಿನ ವೇಳೆ ಕೆಲಸ ನಿಲ್ಲಿಸಿದವರ ಕೂಲಿ ಕಡಿತ ಮಾಡುವುದಿಲ್ಲ' ಎಂಬ ಒಡಂಬಡಿಕೆಯನ್ನು ಗ್ರಾಮಸಭೆಯಲ್ಲಿ ಬೆಳೆಗಾರರು, ಮೇಸ್ತ್ರಿಗಳು, ಕೂಲಿಕಾರರ ಮುಂದೆ ಚರ್ಚಿಸಿ ದಾಖಲಿಸುವುದು. ಇದು ಕಾನೂನಿನ ಆದೇಶವಲ್ಲ. ಊರಿನವರು ಒಪ್ಪಿ ನಡೆಸಬೇಕಾದ ಮಾತು.

(ಆ) ಮುನ್ನೆಚ್ಚರಿಕೆ ಬಂದೊಡನೆ ಧ್ವನಿವರ್ಧಕ ಹಾಗೂ ವಾಟ್ಸ್‌ಆ್ಯಪ್ ಗುಂಪಿನ ಮೂಲಕ ತಿಳಿಸಲು ಪ್ರತಿ ವಾರ್ಡಿಗೆ ಒಬ್ಬರನ್ನು ಗೊತ್ತುಪಡಿಸುವುದು. ಮೊಬೈಲ್ ಇಲ್ಲದ ಕೂಲಿಕಾರರಿಗೂ ಸುದ್ದಿ ತಲುಪುವುದೇ ಇದರ ಉದ್ದೇಶ.

(ಇ) ಹೊಲಗಳ ನಡುವೆ ಆಶ್ರಯಕ್ಕೆ ಒದಗುವ ಶಾಲೆ, ಸಮುದಾಯ ಭವನಗಳನ್ನು ಗುರುತಿಸಿ, ಹಗಲು ಬೀಗ ಹಾಕದಿರುವಂತೆ ನೋಡಿಕೊಳ್ಳುವುದು.

(ಈ) ಹಾವು ಕಡಿತದ ಔಷಧ ದೊರೆಯುವ ಹತ್ತಿರದ ಆಸ್ಪತ್ರೆಯ ಹೆಸರನ್ನು ಪಂಚಾಯಿತಿ ಫಲಕದಲ್ಲಿ ಪ್ರಕಟಿಸುವುದು.

ಚರ್ಚೆಗೆ: ತಮ್ಮ ವಾರ್ಡಿನಲ್ಲಿ ಮಳೆ ಬಂದಾಗ ಕೆಲಸ ನಿಲ್ಲಿಸಲು ಹೇಳುವವರು ಯಾರು? ಕೂಲಿಕಾರರು ತಾವಾಗಿಯೇ ನಿಲ್ಲಿಸಿದರೆ ಅವರ ಕೂಲಿ ಏನಾಗುತ್ತದೆ? ಸದಸ್ಯರು ಈ ಎರಡು ಪ್ರಶ್ನೆಗಳನ್ನು ಮೊದಲು ಕೂಲಿಕಾರರಲ್ಲಿಯೇ ವಿಚಾರಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು.